ಕೊನೆಯ ಸಾಲು ಓದಿ ಹೇಳಿ

ಕಸ ಕಂಡರೆ ನನಗಾಗುವುದಿಲ್ಲ. ಮನೆಯಲ್ಲಿ ಹಳೆಯ ಪೇಪರು ಎರಡು ದಿನ ಉಳಿದರೆ ಹೆಚ್ಚು. "ಇವಳ ಮುಂದೆ ಅಲ್ಲಾಡದೆ ಕೂತ್ಕೋಬೇಡಿ, ನಿಮ್ಮನ್ನೂ ಗುಡಿಸಿ ಹಾಕ್ಬಿಡ್ತಾಳೆ" ಎಂದು ನನ್ನ ಗಂಡ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾನೆ. ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗಲೂ ನಾನು ಮೊದಲು ಮಾಡಿದ್ದು ಗುಡಿಸುವ ಕೆಲಸವೇ. ಯಾರೂ ತೆರೆಯದ ಕಡತಗಳು, ಬಿಟ್ಟುಹೋದವರ ಹೆಸರಿನ ಫೋಲ್ಡರುಗಳು, ಎಲ್ಲವನ್ನೂ ಒಂದು ವಾರದಲ್ಲಿ ಅಳಿಸಿ ಕೈ ತೊಳೆದುಕೊಂಡೆ. ಅದಕ್ಕೆ ಶಹಬ್ಬಾಸ್‌ಗಿರಿಯೂ ಸಿಕ್ಕಿತು.

ನಮ್ಮಲ್ಲಿ ಆಗುವುದು ಕ್ರೇನಿನ ಕೊಕ್ಕೆಗಳು. ಪೀಣ್ಯದಲ್ಲಿ ಉಕ್ಕನ್ನು ಕಾಯಿಸಿ ಬಡಿದು ಆಕಾರ ಕೊಡುತ್ತೇವೆ. ಮಾದನಾಯಕನಹಳ್ಳಿಯಲ್ಲಿರುವ ನಮ್ಮ ಇನ್ನೊಂದು ಶೆಡ್ಡಿನಲ್ಲಿ ಅವನ್ನು ಹದಗೊಳಿಸಿ, ಬಿರುಕು ಇದೆಯೇ ಎಂದು ಪರೀಕ್ಷೆ ಮಾಡಿ, ಪೀಣ್ಯಕ್ಕೆ ವಾಪಸ್ ಕಳಿಸುತ್ತಾರೆ. ಪರೀಕ್ಷೆಯ ಫಲಿತಾಂಶವನ್ನು ಕೈಯಲ್ಲಿ ಬರೆದು, ಸಹಿ ಹಾಕಿ, ಫ್ಯಾಕ್ಸ್ ಮಾಡಬೇಕು. ಈ ಕಾಲದಲ್ಲಿ ಫ್ಯಾಕ್ಸೇ ಎಂದು ನಗಬೇಡಿ. ಶೆಡ್ಡಿನೊಳಗೆ ಮೊಬೈಲ್ ಬಿಡುವುದಿಲ್ಲ, ಗೇಟಿನಲ್ಲೇ ಕೊಟ್ಟು ಹೋಗಬೇಕು. ಜೊತೆಗೆ ನಮ್ಮ ಕ್ವಾಲಿಟಿ ಪುಸ್ತಕದಲ್ಲಿ "ಸಹಿ ಮಾಡಿದ ಪ್ರತಿ, ಫ್ಯಾಕ್ಸ್ ಮೂಲಕ" ಎಂದು ಯಾವ ಕಾಲದಲ್ಲೋ ಬರೆದುಬಿಟ್ಟಿದ್ದಾರೆ. ಅದೊಂದು ಸಾಲು ತಿದ್ದಬೇಕೆಂದರೆ ಆಡಿಟ್‌ನವರನ್ನು ಕರೆಸಬೇಕು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಯಾರಿಗೆ ಬೇಕಿತ್ತು? ಹಾಗಾಗಿ ಫ್ಯಾಕ್ಸ್ ಉಳಿಯಿತು.

ಆದರೆ ನಮ್ಮ ಕಡೆ ಕಾಗದವಿರಲಿಲ್ಲ. ನನ್ನ ಮೇಜಿನ ಪಕ್ಕದಲ್ಲಿದ್ದ ಹಳೆಯ ಲಿನಕ್ಸ್ ಸರ್ವರಿಗೆ ಒಂದು ಮೋಡೆಮ್ ಸಿಕ್ಕಿಸಿ, ಬಂದ ಪುಟ ಚಿತ್ರವಾಗಿ ಒಂದು ಫೋಲ್ಡರಿನಲ್ಲಿ ಕೂರುವಂತೆ ಮಾಡಿದ್ದೆ. ಡಿಸ್ಪ್ಯಾಚ್ ವಿಭಾಗದ ಮುಖ್ಯಸ್ಥರು ತಮ್ಮ ಪರದೆಯಲ್ಲಿ ಅದನ್ನು ನೋಡಿ ಸರಕು ಬಿಡುತ್ತಿದ್ದರು. ಫೋಲ್ಡರ್ ತುಂಬಬಾರದಲ್ಲ, ಅದಕ್ಕೆ ತಾನಾಗಿಯೇ ಗುಡಿಸುವ ಏರ್ಪಾಡೂ ಇತ್ತು. ಒಂದು ನಾನು ಬರೆದದ್ದು, ದಿನಾ ಬೆಳಿಗ್ಗೆ ಆರಕ್ಕೆ ನಡೆಯುತ್ತಿತ್ತು. ಇನ್ನೊಂದು ನಮ್ಮ ಸರ್ವರುಗಳನ್ನು ಮೇಲ್ವಿಚಾರಣೆ ಮಾಡುವ ಹೊರಗಿನ ಕಂಪನಿಯವರದು, ಭಾನುವಾರಕ್ಕೊಮ್ಮೆ. ಎರಡರ ಕೆಲಸವೂ ಒಂದೇ: ಮೂವತ್ತು ದಿನ ದಾಟಿದ ಫ್ಯಾಕ್ಸನ್ನು ಅಳಿಸುವುದು. ಯಾರನ್ನೂ ಕೇಳದೆ, ಯಾರಿಗೂ ಹೇಳದೆ.

ಮಾದನಾಯಕನಹಳ್ಳಿಯ ಶೆಡ್ಡಿನಲ್ಲಿ ಬಿರುಕು ನೋಡುತ್ತಿದ್ದ ಇನ್ಸ್‌ಪೆಕ್ಟರು ಆ ಊರಿನವರೇ. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಗೋದಾಮುಗಳಿವೆ. ಬಿರುಕು ನೋಡುವ ವಿಧಾನ ಸರಳ: ಕೊಕ್ಕೆಗೆ ಕೆಂಪು ಬಣ್ಣ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುತ್ತಾರೆ. ಬಿರುಕಿದ್ದರೆ ಒಳಗೆ ಸೇರಿಕೊಂಡ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಏಳುತ್ತದೆ. ಅವರ ಉಗುರಿನ ಸಂದಿಯಲ್ಲಿ ಯಾವಾಗಲೂ ಆ ಕೆಂಪು ಇರುತ್ತಿತ್ತು. ತಿಂಗಳಿಗೊಮ್ಮೆ ಪೀಣ್ಯಕ್ಕೆ ಬಂದಾಗ ಅದನ್ನು ಮುಚ್ಚಿಕೊಳ್ಳಲು ಮುಷ್ಟಿ ಕಟ್ಟಿಕೊಂಡೇ ಮಾತಾಡುತ್ತಿದ್ದರು.

ಅವರಿಗೊಂದು ಅಭ್ಯಾಸ. ಫ್ಯಾಕ್ಸ್ ಕಳಿಸಿದ ಮರುಕ್ಷಣ ಶೆಡ್ಡಿನ ಲ್ಯಾಂಡ್‌ಲೈನಿನಿಂದ ನನಗೆ ಫೋನ್.

"ಬಂತಾ ಮೇಡಂ?"

"ಬಂತು."

"ಕೊನೆ ಸಾಲು ಒಸಿ ಓದಿ ಏಳಿ."

ಫಾರಂ ಪೂರ್ತಿ ಇಂಗ್ಲಿಷು, ಬರೀ ಅಂಕಿ ತುಂಬುವ ಚೌಕಗಳು. ಕೆಳಗೆ ಷರಾ ಬರೆಯುವ ಒಂದು ಖಾಲಿ ಸಾಲು. ಅಲ್ಲಿ ಅವರು ಕನ್ನಡದಲ್ಲಿ, ದುಂಡಗೆ, ಲಾಟಿನ ಬಗ್ಗೆ, ಎಂದರೆ ಒಟ್ಟಿಗೆ ತಯಾರಾದ ಕೊಕ್ಕೆಗಳ ಗುಂಪಿನ ಬಗ್ಗೆ, ತಮ್ಮ ತೀರ್ಮಾನ ಬರೆಯುತ್ತಿದ್ದರು. ಹಿಂದೆ ಯಾವಾಗಲೋ ಕಾಗದ ಸಿಕ್ಕಿಕೊಂಡು ಆ ಸಾಲೇ ಬಾರದೆ ಹೋಗಿತ್ತಂತೆ. ಅಂದಿನಿಂದ ಈ ಓದಿಸುವ ಶಾಸ್ತ್ರ. ನಾನು ಓದುತ್ತಿದ್ದೆ. ಕೆಲಸದ ಒತ್ತಡವಿದ್ದ ದಿನ ಸಿಡುಕುತ್ತಲೂ ಇದ್ದೆ. "ನಂಗೆ ಓದೋಕೆ ಬರುತ್ತೆ ಅಂತ ಇಷ್ಟು ವರ್ಷ ಆದ್ರೂ ನಂಬಿಕೆ ಬಂದಿಲ್ವಾ ನಿಮ್ಗೆ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನಿಮ್ಗೆ ಬತ್ತದೆ ಮೇಡಂ. ಮಿಶಿನ್‌ಗೆ ಬತ್ತದೋ ಇಲ್ವೋ" ಎಂದು ನಕ್ಕರು.

ಆ ಗುರುವಾರವೂ ನಾಲ್ಕೂಕಾಲಿನ ಹೊತ್ತಿಗೆ ಮೋಡೆಮ್ ಕೀರಲು ದನಿಯಲ್ಲಿ ಕಿರುಚಿತು, ಪುಟ ಬಂತು, ಫೋನ್ ಬಂತು. ನಾನು ಓದಿದೆ: "ಲಾಟ್ ಹದಿನೇಳು. ಮೂರರಲ್ಲಿ ಬಿರುಕು. ಪೂರ್ತಿ ಲಾಟ್ ನಿಲ್ಲಿಸಿ, ಒಂದೂ ಕಳಿಸಬೇಡಿ."

"ಅಷ್ಟೇ ಮೇಡಂ" ಎಂದು ಇಟ್ಟರು.

ಮರುದಿನ ಬೆಳಿಗ್ಗೆ ಲಾರಿ ಬಂದು ನಿಂತಿತ್ತು. ಸರಕಿನ ಚಲನ್ ಮುದ್ರಣವಾಗುವುದು ನನ್ನ ಕೋಣೆಯ ಪ್ರಿಂಟರಿನಲ್ಲಿ. ಹಾಳೆ ಹೊರಬರುತ್ತಿದ್ದಾಗ ಲಾಟ್ ಹದಿನೇಳು ಎಂದು ಕಂಡಿತು. ಕಂಡಿತು ಎಂದರೆ ಚೆನ್ನಾಗಿಯೇ ಕಂಡಿತು, ಕಣ್ಣಿಗೆ ಪೊರೆ ಬಂದಿರಲಿಲ್ಲ. ದೊಡ್ಡವರು ಮಾತಾಡಿಕೊಂಡಿರಬೇಕು, ಮತ್ತೆ ಪರೀಕ್ಷೆ ಮಾಡಿಸಿರಬೇಕು ಎಂದುಕೊಂಡು ಹಾಳೆಯನ್ನು ಡಿಸ್ಪ್ಯಾಚ್ ಮುಖ್ಯಸ್ಥರ ಕೈಗೆ ಕೊಟ್ಟೆ. ಲಾರಿ ಹೋಯಿತು.

ಒಂಬತ್ತು ದಿನದ ಮೇಲೆ ಇನ್ಸ್‌ಪೆಕ್ಟರು ಡ್ಯೂಟಿ ಮುಗಿಸಿ ಮನೆಗೆ ನಡೆದುಹೋಗುತ್ತಿದ್ದವರು ತುಮಕೂರು ರಸ್ತೆಯ ಸರ್ವೀಸ್ ರೋಡಿನಲ್ಲಿ ಕುಸಿದರು. ಹೃದಯ. ಆಸ್ಪತ್ರೆಯವರೆಗೂ ಇರಲಿಲ್ಲ. ಕಾರ್ಖಾನೆಯಿಂದ ಒಂದು ಹಾರ ಹೋಯಿತು. ನಾನು ಹೋಗಲಿಲ್ಲ, ಅಂದು ಸರ್ವರ್ ಕೆಲಸವಿತ್ತು ಎಂದು ಎಲ್ಲರಿಗೂ ಹೇಳಿದೆ, ನಿಜವಾಗಿಯೂ ಇತ್ತು.

ಅದಾಗಿ ಎರಡು ವಾರಕ್ಕೆ ಹೆಬ್ಬಗೋಡಿ ಕಡೆಯ ಒಂದು ಶೆಡ್ಡಿನಲ್ಲಿ ನಮ್ಮ ಕೊಕ್ಕೆ ಮುರಿಯಿತು. ಎತ್ತಿದ್ದ ಕಬ್ಬಿಣದ ಅಚ್ಚು ಕೆಳಗಿದ್ದವನ ಕಾಲ ಮೇಲೆ ಬಿತ್ತು. ಯಾದಗಿರಿ ಕಡೆಯವನು, ಎರಡು ಮಕ್ಕಳ ತಂದೆ. ಮೊಣಕಾಲಿನ ಕೆಳಗೆ ತೆಗೆದರು. ಕೊಕ್ಕೆಯ ಮೇಲೆ ಲಾಟ್ ನಂಬರ್ ಹೊಡೆದಿರುತ್ತದೆ. ಹದಿನೇಳು.

ಸಂಜೆಯೊಳಗೆ ಕಾರ್ಖಾನೆಯಲ್ಲಿ ಒಂದು ಮಾತು ಓಡಾಡತೊಡಗಿತು: ಇನ್ಸ್‌ಪೆಕ್ಟರೇ ಫೋನಿನಲ್ಲಿ ಓಕೆ ಅಂದಿದ್ದರಂತೆ, ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಸತ್ತವರು ಎದ್ದು ಬಂದು ಇಲ್ಲ ಅನ್ನುತ್ತಾರೆಯೇ? ಮಾದನಾಯಕನಹಳ್ಳಿಯಲ್ಲಿ ಅವರು ಮೂಲ ಹಾಳೆ ಹಾಕಿಡುತ್ತಿದ್ದ ಫೈಲಿನಲ್ಲಿ ಆ ತಿಂಗಳದ್ದು ಮಾತ್ರ ಇರಲಿಲ್ಲ. ಯಾರು ತೆಗೆದರೋ ನನಗೆ ಗೊತ್ತಿಲ್ಲ, ಆದರೆ ಅಂದಾಜಿದೆ.

ನಾನು ಬಾಗಿಲು ಮುಂದೆ ಮಾಡಿಕೊಂಡು ಫೋಲ್ಡರ್ ತೆರೆದೆ. ಪುಟ ಇತ್ತು. ದುಂಡಗಿನ ಅಕ್ಷರ, ಕೊನೆಯ ಸಾಲು, ಸಹಿ. ದಿನಾಂಕ ಎಣಿಸಿದೆ. ಮೂವತ್ತು ದಿನ ತುಂಬಲು ಒಂದು ವಾರವೂ ಇರಲಿಲ್ಲ.

ನಕಲು ಮಾಡಿಟ್ಟುಕೊಳ್ಳಬಹುದಿತ್ತಲ್ಲ, ಒಂದು ಪ್ರಿಂಟ್ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಈಗ ದಿನಾ ಕೇಳಿಕೊಳ್ಳುತ್ತೇನೆ. ಪ್ರಿಂಟ್ ತೆಗೆದರೆ ಅದು ನನ್ನ ಕೈಯ ಕೆಲಸ. ಯಾಕೆ ತೆಗೆದೆ, ಯಾರಿಗೆ ಕೊಡಲು ತೆಗೆದೆ ಎಂದು ಕೇಳುತ್ತಾರೆ. ಸುಮ್ಮನೆ ಅಳಿಯದಂತೆ ಬಿಟ್ಟರೆ ಅದು ಸರ್ವರಿನ ಕೆಲಸ. ಯಾರಾದರೂ ತಾವಾಗಿ ಹುಡುಕಿದರೆ ಸಿಗಲಿ, ನನ್ನ ಹೆಸರು ಬರುವುದು ಬೇಡ. ನನ್ನದು ವರ್ಷ ವರ್ಷ ನವೀಕರಿಸುವ ನೌಕರಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ನಾನು ಬರೆದಿದ್ದ ದಿನದ ಕ್ಲೀನಪ್ಪನ್ನು ಅಂದೇ ನಿಲ್ಲಿಸಿದೆ. ಅದು ಸುಲಭ. ಸರ್ವರ್ ಗಂಟೆ ನೋಡಿಕೊಂಡು ಮಾಡುವ ಕೆಲಸಗಳ ಒಂದು ಪಟ್ಟಿ ಇರುತ್ತದೆ. ಬೇಡವಾದ ಸಾಲಿನ ಮುಂದೆ ಒಂದು ಹ್ಯಾಷ್ ಚಿಹ್ನೆ ಹಾಕಿದರೆ ಸಾಕು, ಅದು ಆ ಸಾಲನ್ನು ಕಂಡೂ ಕಾಣದಂತೆ ದಾಟಿಹೋಗುತ್ತದೆ. ಉಳಿದದ್ದು ಹೊರಗಿನ ಕಂಪನಿಯ ಭಾನುವಾರದ ಕ್ಲೀನಪ್. ಅದನ್ನು ಮುಟ್ಟಿದರೆ ಪ್ಲಾಂಟ್ ಮ್ಯಾನೇಜರಿಗೆ ಮೇಲ್ ಹೋಗುವಂತೆ ಅವರು ಮಾಡಿಟ್ಟಿದ್ದರು. ಕ್ಯಾಲೆಂಡರ್ ನೋಡಿದೆ. ಗಂಡಾಂತರದ ಭಾನುವಾರ ಯಾವುದೆಂದು ನೋಡಿದರೆ, ಅದು ಆಯುಧಪೂಜೆ ಮುಗಿದ ಭಾನುವಾರ. ನನಗೆ ನಗು ಬಂತು.

ನಮ್ಮಲ್ಲಿ ಆಯುಧಪೂಜೆಗೆ ಎಲ್ಲವನ್ನೂ ಆರಿಸುತ್ತೇವೆ. ಬಡಿಯುವ ಯಂತ್ರ, ಕುಲುಮೆ, ಕ್ರೇನು, ಲಾರಿ, ಕೊನೆಗೆ ಕ್ಯಾಂಟೀನಿನ ಗ್ರೈಂಡರಿನವರೆಗೆ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿದ ಮೇಲೆ ಯಾರೂ ಮುಟ್ಟುವ ಹಾಗಿಲ್ಲ. ನನ್ನ ಸರ್ವರ್ ಯಂತ್ರಕ್ಕೂ ಅದೇ ಮರ್ಯಾದೆ. ಆ ಸಲ ಗುರುವಾರ ಪೂಜೆ, ಶುಕ್ರವಾರ ವಿಜಯದಶಮಿ, ಶನಿವಾರ ಭಾನುವಾರ ರಜೆ. ಭಾನುವಾರ ಸರ್ವರೇ ಎದ್ದಿರುವುದಿಲ್ಲ ಎಂದರೆ ಗುಡಿಸುವವರು ಯಾರು? ಚಾಮುಂಡಿಯೇ ನನ್ನ ಮರ್ಯಾದೆ ಉಳಿಸಿದಳು ಎಂದುಕೊಂಡೆ. ಮುಹೂರ್ತ ತಪ್ಪಿದರೆ ಕಾರ್ಯ ತಪ್ಪಿತು, ಅಷ್ಟೇ ತಾನೇ? ಸೋಮವಾರ ಬಂದು, ಮುಂದಿನ ಭಾನುವಾರದೊಳಗೆ ಧೈರ್ಯ ಮಾಡಿ ಏನಾದರೂ ಮಾಡಿದರಾಯಿತು.

ಪೂಜೆಯ ದಿನ ಸರ್ವರಿನ ಹಣೆಗೆ ನಾನೇ ಕುಂಕುಮ ಇಟ್ಟೆ. ಗೇಟಿನಲ್ಲಿ ಬೂದುಗುಂಬಳ ಒಡೆದರು. ಬಿಳಿಯ ತಿರುಳಿನ ಮೇಲೆ ಕುಂಕುಮ ಗೆರೆಗೆರೆಯಾಗಿ ಹರಡಿತ್ತು. ನನಗೆ ಇನ್ಸ್‌ಪೆಕ್ಟರ ಉಗುರು ನೆನಪಾಗಿ, ಪ್ರಸಾದ ತೆಗೆದುಕೊಳ್ಳದೆ ಬಸ್ಸು ಹತ್ತಿದೆ.

ಸೋಮವಾರ ಒಂಬತ್ತಕ್ಕೆ ಸರ್ವರ್ ಆನ್ ಮಾಡಿ ಕಾಫಿಗೆ ಹೋದೆ. ಹತ್ತೂವರೆಗೆ ಫೋಲ್ಡರ್ ತೆರೆದರೆ ಮೊದಲ ಪುಟದ ದಿನಾಂಕ ಲಾಟ್ ಹದಿನೇಳರ ಫ್ಯಾಕ್ಸ್ ಬಂದ ಗುರುವಾರಕ್ಕಿಂತ ಎರಡು ದಿನ ಈಚಿನದು. ಮೊದಲು ನಾನೇ ತಪ್ಪು ನೋಡಿದೆನೆಂದು ಮುಚ್ಚಿ ಮತ್ತೆ ತೆರೆದೆ. ಆಮೇಲೆ ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಓದಿದೆ. ಆರಿದ್ದಾಗ ತಪ್ಪಿಹೋದ ಕೆಲಸಗಳನ್ನು ಸರ್ವರ್ ಲೆಕ್ಕವಿಟ್ಟುಕೊಂಡು, ಎದ್ದ ಮೇಲೆ ಒಂದೊಂದಾಗಿ ಮುಗಿಸುತ್ತದೆ. ಈ ಏರ್ಪಾಡು ನನಗೆ ಗೊತ್ತಿಲ್ಲದ್ದಲ್ಲ. ಹೊಸಬರಿಗೆ ಪಾಠ ಮಾಡುವಾಗ ನಾನೇ ಹೇಳಿಕೊಟ್ಟಿದ್ದೇನೆ. ಹೆದರಿಕೆಯಲ್ಲಿ ಮರೆತಿದ್ದೆ. ನಾನು ಕಾಫಿ ಕುಡಿಯುತ್ತಿದ್ದಾಗ ಭಾನುವಾರದ ಗುಡಿಸುವ ಕೆಲಸ ಅಚ್ಚುಕಟ್ಟಾಗಿ ಮುಗಿದಿತ್ತು. ಲಾಗಿನಲ್ಲಿ ಉಳಿದದ್ದು ಒಂದೇ ಸಾಲು: ಮಾದನಾಯಕನಹಳ್ಳಿಯಿಂದ ನಾಲ್ಕು ಹದಿನಾರಕ್ಕೆ ಒಂದು ಪುಟ ಬಂದಿದೆ. ಏನು ಬರೆದಿತ್ತು ಎಂದು ಲಾಗ್ ಹೇಳುವುದಿಲ್ಲ.

ಆಗ ಮಾತ್ರ ಎಲ್ಲವನ್ನೂ ನಿಲ್ಲಿಸಿದೆ. ಹೊರಗಿನವರದನ್ನೂ ನಿಲ್ಲಿಸಿದೆ, ಮೇಲ್ ಹೋದರೆ ಹೋಗಲಿ ಎಂದು. ಹೋಯಿತು, ಯಾರೂ ಕೇಳಲಿಲ್ಲ. ಇಷ್ಟಕ್ಕೇ ನಾನು ಹೆದರಿದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಎರಡು ದಿನದ ಮೇಲೆ ಮ್ಯಾನೇಜರ ಕೊಠಡಿಯಲ್ಲಿ ವಿಚಾರಣೆ ನಡೆಯಿತು. ಡಿಸ್ಪ್ಯಾಚ್ ಮುಖ್ಯಸ್ಥರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇನ್ಸ್‌ಪೆಕ್ಟರ ಹೆಂಡತಿ. ಅವರನ್ನು ನಾನು ನೋಡಿದ್ದು ಅದೇ ಮೊದಲು. ಹಣೆ ಬರಿದಾಗಿತ್ತು, ಮಡಿಲಲ್ಲಿ ಬಟ್ಟೆಯ ಚೀಲ.

"ಆ ದಿನ ಫ್ಯಾಕ್ಸ್ ಬಂದಿತ್ತಾ ಮೇಡಂ?" ಎಂದರು ಮ್ಯಾನೇಜರು.

"ಒಂದು ಪುಟ ಬಂದಿರೋದು ಲಾಗ್‌ನಲ್ಲಿದೆ ಸಾರ್. ಪುಟ ಕ್ಲೀನಪ್‌ನಲ್ಲಿ ಹೋಗಿದೆ."

"ಅದ್ರಲ್ಲಿ ಏನಿತ್ತು ಅಂತ ನಿಮಗೆ ಗೊತ್ತಾ?"

ಮೂರು ಜನರೂ ನನ್ನನ್ನು ನೋಡಿದರು. ಕಿಟಕಿಯ ಕಡೆ ತಿರುಗಿದ್ದವರೂ ನೋಡಿದರು.

"ಗೊತ್ತಿಲ್ಲ ಸಾರ್" ಎಂದೆ.

ಅಷ್ಟೇ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಪುಟ ಹೋಗಿದ್ದರೆ ಏನಾಯಿತು, ಆ ಸಾಲನ್ನು ನಾನು ಬಾಯಿಬಿಟ್ಟು ಓದಿದ್ದೆನಲ್ಲ, ಇನ್ಸ್‌ಪೆಕ್ಟರ ಕಿವಿಗೆ ಬೀಳುವಂತೆ. ನನ್ನ ನೆನಪನ್ನು ಯಾವ ಕ್ಲೀನಪ್ಪೂ ಮುಟ್ಟಿರಲಿಲ್ಲ. ಅದನ್ನು ಅಲ್ಲಿ ನಾನೇ ಅಳಿಸಿದೆ. ಇನ್ಸ್‌ಪೆಕ್ಟರು ಮೌಖಿಕವಾಗಿ ಒಪ್ಪಿಗೆ ಕೊಟ್ಟಿದ್ದರು ಎಂದು ವರದಿಯಾಯಿತು.

ಅಂದಿನಿಂದ ನಾಲ್ಕು ಗಂಟೆ ದಾಟಿದರೆ ನನಗೆ ಕೂರಲಾಗದು. ಮೋಡೆಮ್ ಕೀರಲು ಶುರುಮಾಡಿದರೆ ಕೈ ಫೋನಿನ ಕಡೆ ಹೋಗುತ್ತದೆ. ಈಗ ಆ ಶೆಡ್ಡಿನಲ್ಲಿ ಬೇರೆ ಇನ್ಸ್‌ಪೆಕ್ಟರ್ ಇದ್ದಾರೆ, ಫ್ಯಾಕ್ಸ್ ಕಳಿಸುತ್ತಾರೆ, ಫೋನ್ ಮಾಡುವುದಿಲ್ಲ. ಆ ಮೌನದಲ್ಲೇ ನನಗೆ ಕೇಳಿಸುತ್ತದೆ: ಬಂತಾ ಮೇಡಂ? ಒಂದು ಸಲ ಬರೀ ಕೀರಲಿನ ನಡುವೆಯೇ ಕೇಳಿಸಿ, "ಬಂತು" ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಪಕ್ಕದ ಕೋಣೆಯ ಅಕೌಂಟ್ಸ್ ಹುಡುಗಿ ಇಣುಕಿ, "ಯಾರಿಗೆ ಮೇಡಂ?" ಎಂದಳು. ನಾನು ದೆವ್ವ ಭೂತ ನಂಬುವವಳಲ್ಲ. ಆದರೆ ಓದಿ ಹೇಳಬೇಕಾದವಳು ನಾನು, ಕೇಳಬೇಕಾದವರು ಅವರು. ಅದು ಬಾಕಿ ಉಳಿದಿತ್ತು.

ಒಂದು ಶನಿವಾರ ಮಧ್ಯಾಹ್ನ ಡ್ಯೂಟಿ ಬಿಟ್ಟು ಬರುವಾಗ ಗೇಟಿನೆದುರು ಟೀ ಅಂಗಡಿಯ ನೆರಳಲ್ಲಿ ಅವರ ಹೆಂಡತಿ ನಿಂತಿದ್ದರು. ಅದೇ ಬಟ್ಟೆಯ ಚೀಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನನ್ನ ಕಾಲು ತಾನಾಗಿ ಹಿಂದಕ್ಕೆ ಸರಿಯಿತು.

"ನೀವೇ ಅಲ್ವಾ ತಾಯಿ, ಕೊನೆ ಸಾಲು ಓದ್ತಿದ್ದೋರು?" ಎಂದರು. "ನಮ್ಮನೇವ್ರು ಏಳೋರು. ಆ ಮೇಡಂ ಒಂದಕ್ಷರ ತಪ್ಪದಂಗೆ ಓದ್ತಾರೆ, ಬೈತಾರೆ ಆದ್ರೂ ಓದ್ತಾರೆ ಅಂತ."

ಹೌದೆಂದು ತಲೆಯಾಡಿಸಿದೆ.

"ಆಸ್ಪತ್ರೆಗೆ ಓಗಿದ್ದೆ, ಕಾಲು ಓದವನ್ನ ನೋಡಕ್ಕೆ. ಅವ್ನ ಎಂಡ್ತಿ ನನ್ನ ಒಳಗೇ ಬಿಡ್ಲಿಲ್ಲ. ನಿನ್ ಗಂಡನ ಕೈ ಸೇದೋಗ ಅಂದ್ಳು. ಸತ್ತೋನ್ಗೆ ಶಾಪ ತಟ್ತದಾ ಅಂತ ನಂಗೊತ್ತಿಲ್ಲ ಕಣಮ್ಮ. ನರ್ಸಮ್ಮನ ತಾವ ಅವ್ಳ ನಂಬರ್ ಈಸ್ಕಂಡು, ತಗಂಡೋಗಿದ್ದ ಎಳ್ನೀರ ವಾಪಸ್ ತಂದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ನಂಗೆ ಬ್ಯಾರೆ ಏನೂ ಬ್ಯಾಡ. ಅವತ್ತು ಕೊನೆ ಸಾಲು ಏನು ಬರ್ದಿದ್ರು, ಅದೊಂದು ಏಳಿ."

ಟೀ ಅಂಗಡಿಯ ಬಳಿ ನಮ್ಮ ಕಾರ್ಖಾನೆಯವರೇ ಏಳೆಂಟು ಜನ ಇದ್ದರು. ಓದುವ ದನಿ ಬೇರೆ, ಮಾತಾಡುವ ದನಿ ಬೇರೆ. ನನಗೆ ಬಂದದ್ದು ಓದುವ ದನಿ.

"ಲಾಟ್ ಹದಿನೇಳು. ಮೂರರಲ್ಲಿ ಬಿರುಕು. ಪೂರ್ತಿ ಲಾಟ್ ನಿಲ್ಲಿಸಿ, ಒಂದೂ ಕಳಿಸಬೇಡಿ."

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ, "ಅವತ್ತು ಒಳಗೆ ಯಾಕೆ ಏಳ್ಲಿಲ್ಲ?" ಎಂದರು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಉತ್ತರಕ್ಕೆ ಕಾಯಲಿಲ್ಲ. ಚೀಲದಿಂದ ಸಣ್ಣ ಫೋನ್ ತೆಗೆದು, ಒಂದು ನಂಬರಿಗೆ ಹಾಕಿ, ನನ್ನ ಕಿವಿಗೆ ಹಿಡಿದರು. "ಅವ್ನ ಎಂಡ್ತಿ. ಇದ್ನೇ ಅವ್ಳಿಗೆ ಓದಿ."

ಹೆಬ್ಬಗೋಡಿಯ ಯಾವುದೋ ಬಾಡಿಗೆ ಕೋಣೆಯಿಂದ ಮಗು ಅಳುವುದು ಕೇಳಿಸಿತು. ನಾನು ಯಾರು, ಎಲ್ಲಿಯವಳು ಎಂದು ಹೇಳಿ, ಇನ್ಸ್‌ಪೆಕ್ಟರು ಹೀಗೆ ಬರೆದಿದ್ದರು ಎಂದು ಸಾಲನ್ನು ಓದಿದೆ.

"ಹಂಗಾದ್ರ ಮತ್ತ ಕಳಿಸಿದವ್ರು ಯಾರ್ರೀ ಅಕ್ಕಾರ?"

ಲಾರಿ, ಪ್ರಿಂಟರಿನಿಂದ ಹೊರಬರುತ್ತಿದ್ದ ಚಲನ್, ಅದನ್ನು ಹಿಡಿದುಕೊಂಡ ನನ್ನದೇ ಕೈ.

"ನಾವೇ ಕಣಮ್ಮ" ಎಂದೆ. "ನಾವು ಕಳಿಸಿದ್ವಿ."

ಆಕೆ ಫೋನ್ ಇಟ್ಟಳು. ಇನ್ಸ್‌ಪೆಕ್ಟರ ಹೆಂಡತಿ ಫೋನನ್ನು ಚೀಲಕ್ಕೆ ಹಾಕಿಕೊಂಡು, "ಓಯ್ತೀನಿ" ಎಂದರು. ಬತ್ತೀನಿ ಅನ್ನಲಿಲ್ಲ. ನಮ್ಮ ಕಡೆ ಹಾಗೆ ಹೇಳಿ ಹೋಗುವವರು ಮತ್ತೆ ನಿಮ್ಮ ಮುಖ ನೋಡುವ ಮನಸ್ಸಿಲ್ಲದವರು.

ಸೋಮವಾರ ನಾನು ಮಾದನಾಯಕನಹಳ್ಳಿಗೆ ಹೋದೆ. ಒಂದು ಹಾಳೆಯಲ್ಲಿ ನಡೆದದ್ದನ್ನೆಲ್ಲ ಬರೆದೆ: ಪುಟ ಬಂದದ್ದು, ಓದಿದ್ದು, ಚಲನ್ ಕೊಟ್ಟದ್ದು, ವಿಚಾರಣೆಯಲ್ಲಿ ಸುಳ್ಳು ಹೇಳಿದ್ದು. ಕೊನೆಯಲ್ಲಿ ಅವರ ಸಾಲನ್ನು ಹಾಗೆಯೇ ಬರೆದು, ಕೆಳಗೆ ನನ್ನ ಸಹಿ ಹಾಕಿದೆ. ಅವರ ಯಂತ್ರಕ್ಕೇ ಹಾಳೆ ಕೊಟ್ಟು ಪೀಣ್ಯಕ್ಕೆ ಫ್ಯಾಕ್ಸ್ ಮಾಡಿದೆ. ಆಮೇಲೆ ಅದರ ಪ್ರತಿಗಳು ಮ್ಯಾನೇಜರಿಗೂ ಹೋದವು, ಹೆಬ್ಬಗೋಡಿಗೂ ಹೋದವು. ಅದರಿಂದ ಏನಾಗುತ್ತದೋ ಇನ್ನೂ ತಿಳಿದಿಲ್ಲ. ಈ ಸಲ ನನ್ನ ನೌಕರಿ ನವೀಕರಣವಾಗುವುದಿಲ್ಲ ಎಂಬುದು ಮಾತ್ರ ತಿಳಿದಿದೆ. ಆ ಫೋಲ್ಡರಿನಲ್ಲಿ ಈಗ ಯಾವುದೂ ಅಳಿಯುವುದಿಲ್ಲ.

ಅಂದು ಹಾಳೆ ಯಂತ್ರದಿಂದ ಆಚೆ ಬಂದು ಬಿದ್ದ ಮೇಲೆ, ಶೆಡ್ಡಿನ ಲ್ಯಾಂಡ್‌ಲೈನ್ ಎತ್ತಿ ನನ್ನ ಮೇಜಿನ ನಂಬರ್ ಒತ್ತಿದೆ. ರಿಸೀವರಿನ ಹಿಡಿಯ ಮೇಲೆ ಹಳೆಯ ಕೆಂಪು ಬಣ್ಣದ ಬೆರಳ ಗುರುತುಗಳಿದ್ದವು. ಪೀಣ್ಯದಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಓದಿ ಹೇಳಬೇಕಾದವಳು ಇಲ್ಲಿ ನಿಂತಿದ್ದಳು, ಅಲ್ಲಿ ಎತ್ತುವವರು ಯಾರೂ ಇರಲಿಲ್ಲ.